ಬಯಲುಸೀಮೆ ಖಾಲಿ ನೆಲವಲ್ಲ

ರಜೆ ಬಂತೆಂದರೆ ನಮ್ಮವರ ಬಾಯಲ್ಲಿ ದುಬೈ, ಮರಳುಗಾಡಿನ ಸಫಾರಿ. ಹೋಗ್ಲಿ, ಬೇಡ ಅನ್ನುವುದಿಲ್ಲ. ಆದರೆ ಘಟ್ಟದಾಚೆಯ ಒಣ ಬಯಲನ್ನು ನಾವು ಬಸ್ಸಿನ ಕಿಟಕಿಯಿಂದ ಬಿಟ್ಟರೆ ಇಳಿದು ನೋಡಿದ್ದೇವಾ? ನಮ್ಮ ಮೀನು ಸಾರಿಗೆ ಬಣ್ಣ ಕೊಡುವ ಮೆಣಸು ಅಲ್ಲಿಯದೇ.

ಎರಡು ದಿನ ಸಾಕು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ದಸರಾ ಹೊತ್ತಿಗೆ ಹೋದರೆ, ಗೊರವಯ್ಯ ಬಿಲ್ಲೇರಿ ನುಡಿಯುವ ಮಾಲತೇಶನ ಕಾರ್ಣಿಕಕ್ಕೆ ಸಾವಿರಾರು ರೈತರು ಕಾದು ನಿಂತಿರುತ್ತಾರೆ. ಮಳೆ-ಬೆಳೆಯ ಚಿಂತೆ ಏನೆಂದು ಅಲ್ಲಿ ತಿಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಬ್ಯಾಡಗಿ ಮಾರುಕಟ್ಟೆ ತುಂಬ ಮೆಣಸಿನ ರಾಶಿ. ಹಾವೇರಿಯಲ್ಲಿ ಹೆಸರಾಂತ ಏಲಕ್ಕಿ ಹಾರ ಕಟ್ಟುವವರು ಪಟವೇಗಾರ ಮುಸ್ಲಿಂ ಕುಟುಂಬದವರು. ಮದುವೆ, ಸನ್ಮಾನಕ್ಕೆ ಅಲ್ಲಿಂದಲೇ ಒಂದು ಕೊಳ್ಳಬಹುದು.

ಮಕ್ಕಳಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ತೋರಿಸಲೇಬೇಕು. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ಜಾಗ ಅದು. ಹುಲ್ಲುಗಾವಲನ್ನು ಬಂಜರು ಎಂದು ಬಗೆದು ನೀಲಗಿರಿ ನೆಟ್ಟರು. ಒಮ್ಮೆ ಅಲ್ಲಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಈಗಿಲ್ಲ. ಹಸಿರಿಲ್ಲದ್ದೆಲ್ಲ ಪಾಳು ಎನ್ನುವ ಕರಾವಳಿಯ ನಮ್ಮ ಕಣ್ಣಿಗೂ ಇದು ಪಾಠ. ಗದ್ದಲ, ಪ್ಲಾಸ್ಟಿಕ್ ಮನೆಯಲ್ಲೇ ಬಿಟ್ಟು ಹೋಗೋಣ.