ಉತ್ತರ ಬರಲಿಲ್ಲ ಅಂದ್ರೆ ಸೊನ್ನೆ ಅಂತಲ್ಲ

ಕ್ರೋಮ್‌ನಲ್ಲಿ ಮೇಲೆ ಬಲಗಡೆ ಪುಟ್ಟ ಪುಟ್ಟ ಐಕಾನ್‌ಗಳಿರ್ತವಲ್ಲ, ಜಾಹೀರಾತು ತಡೆಯೋದು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋದು, ಅವೇ ಎಕ್ಸ್‌ಟೆನ್ಶನ್‌ಗಳು. ಹೊರಗಿನಿಂದ ಒಂದೇ ಪ್ರೋಗ್ರಾಂ ಥರ ಕಂಡರೂ ಒಳಗೆ ಎರಡು ಮೂರು ಸ್ಕ್ರಿಪ್ಟ್‌ಗಳು ಬೇರೆ ಬೇರೆ ಕೋಣೆಯಲ್ಲಿ ಕೂತಿರುತ್ತವೆ.

ಮಾಮೂಲ್‌ಪೇಟೆಯ ಹೋಲ್‌ಸೇಲ್ ಅಂಗಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತೆ. ಮುಂದೆ ಗಲ್ಲಾಪೆಟ್ಟಿಗೆಯಷ್ಟೇ ಜಾಗ, ಮಾಲೆಲ್ಲ ಮೇಲಿನ ಗೋಡೌನಿನಲ್ಲಿ. ಮಧ್ಯೆ ಚೀಟಿ ಹಿಡಿದು ಓಡುವ ಹುಡುಗ. ಎಕ್ಸ್‌ಟೆನ್ಶನ್‌ನಲ್ಲಿ ಗಲ್ಲಾದಲ್ಲಿ ಕೂತಿರೋದು ಕಂಟೆಂಟ್ ಸ್ಕ್ರಿಪ್ಟ್. ನೀವು ತೆರೆದ ವೆಬ್ ಪುಟವನ್ನ ಓದೋದು ಅದರ ಕೆಲಸ. ಗೋಡೌನಿನಲ್ಲಿರೋದು ಸರ್ವಿಸ್ ವರ್ಕರ್. ಒಬ್ಬರ ವೇರಿಯಬಲ್ ಇನ್ನೊಬ್ಬರಿಗೆ ಕಾಣಲ್ಲ, ಸೆಂಡ್‌ಮೆಸೇಜ್ ಅನ್ನೋ ಚೀಟಿಯೇ ಗತಿ.

ಅಲ್ಲಿ ನಮ್ಮ ಸೋದರಮಾವನ ಫ್ಯಾನ್ಸಿ ಐಟಂಗಳ ಅಂಗಡಿಯಿದೆ. ಆನ್‌ಲೈನ್ ಆರ್ಡರ್ ಪುಟದಲ್ಲಿ ಐಟಂ ಪಕ್ಕದಲ್ಲೇ ಸ್ಟಾಕ್ ಕಾಣಲಿ ಅಂತ ಪರಿಚಯದ ಹುಡುಗನೊಬ್ಬನಿಂದ ಎಕ್ಸ್‌ಟೆನ್ಶನ್ ಬರೆಸಿದ್ದರು. ಒಂದಿನ ಫೋನ್ ಬಂತು. “ಲೋ, ಕ್ಲಿಪ್ಪು ಗೋಡೌನ್ ತುಂಬಾ ಇದೆ, ಇದು ಸೊನ್ನೆ ಅಂತಿದೆಯಲ್ಲೋ!” ಅಷ್ಟರಲ್ಲಿ ಅದನ್ನೇ ನಂಬಿ ಹಾಸನದ ಹಳೇ ಗಿರಾಕಿಗೆ ಇಲ್ಲ ಅಂದಾಗಿತ್ತು. ಅವರು ಪಕ್ಕದ ಅಂಗಡಿಯಿಂದ ತರಿಸಿಕೊಂಡರು.

ಕೋಡ್ ತೆಗೆದು ನೋಡಿದೆ. ಸರ್ವಿಸ್ ವರ್ಕರ್‌ಗೆ ಐಟಂ ನಂಬರ್ ಸರಿಯಾಗೇ ಹೋಗ್ತಿತ್ತು. ಅದು ಗೂಗಲ್ ಶೀಟ್‌ನಿಂದ ಸ್ಟಾಕ್ ತರೋಕೆ ಒಂದೆರಡು ಸೆಕೆಂಡ್ ಬೇಕು. ಚೀಟಿ ತಗೊಂಡ ಲಿಸನರ್ “ಇರು, ನೋಡಿ ಹೇಳ್ತೀನಿ” ಅನ್ನದೆ ಸುಮ್ಮನೆ ಮುಗಿದುಬಿಟ್ಟರೆ ಬ್ರೌಸರ್ ಬಾಗಿಲು ಮುಚ್ಚುತ್ತೆ. ಆಮೇಲೆ ಬಂದ ಉತ್ತರ ಯಾರಿಗೂ ತಲುಪಲ್ಲ. ಕೇಳಿದವರಿಗೆ ಸಿಗೋದು ಅನ್‌ಡಿಫೈನ್ಡ್. ಲಿಸನರ್ ಕೊನೆಯಲ್ಲಿ ‘ರಿಟರ್ನ್ ಟ್ರೂ’ ಅಂತ ಒಂದು ಸಾಲು ಬರೆಯೋದೇ ಆ “ಇರು”. ಅದಿರಲಿಲ್ಲ.

ಅದಕ್ಕಿಂತ ನನಗೆ ಕೋಪ ಬಂದಿದ್ದು ಇನ್ನೊಂದು ಸಾಲಿಗೆ. ಉತ್ತರ ಖಾಲಿ ಬಂದರೆ ಸೊನ್ನೆ ತೋರಿಸು ಅಂತ ಬರೆದಿತ್ತು! ಹುಡುಗ ಮೇಲಿಂದ ಇಳಿದು ಬರಲೇ ಇಲ್ಲ ಅಂದ್ರೆ ಮಾಲಿಲ್ಲ ಅಂತ ಯಾವ ವ್ಯಾಪಾರಿ ಹೇಳ್ತಾನೆ? ಈಗ ಉತ್ತರ ಬಾರದಿದ್ದರೆ ‘ಗೊತ್ತಾಗಲಿಲ್ಲ, ಗೋಡೌನ್ ಕೇಳಿ’ ಅಂತ ಬರುತ್ತೆ. ಮಾವನಿಗೆ ನೋಡೋಕೆ ಚೆನ್ನಾಗಿಲ್ಲವಂತೆ. ಇರಲಿ.

ಇನ್ನೊಂದು ವಿಷಯ. ಮ್ಯಾನಿಫೆಸ್ಟ್ ವಿ3 ಬಂದಮೇಲೆ ಕ್ರೋಮ್‌ನಲ್ಲಿ ಸರ್ವಿಸ್ ವರ್ಕರ್ 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಮಲಗುತ್ತೆ. ಹೊಸ ಚೀಟಿ ಬಂದರೆ ಏಳುತ್ತೆ, ಆದರೆ ವೇರಿಯಬಲ್‌ನಲ್ಲಿ ಇಟ್ಟಿದ್ದೆಲ್ಲ ಮರೆತಿರುತ್ತೆ. ನೆನಪಿರಬೇಕಾದ್ದನ್ನ ಸ್ಟೋರೇಜ್‌ಗೆ ಹಾಕಿ.

ಮತ್ತೆ, ಗಲ್ಲಾ ಇರೋದು ಬೇರೆಯವರ ಜಾಗದಲ್ಲಿ ಅನ್ನೋದು ಮರೀಬೇಡಿ. ಕಂಟೆಂಟ್ ಸ್ಕ್ರಿಪ್ಟ್ ಓದೋದು ಇನ್ಯಾರೋ ಬರೆದ ಪುಟ, ಅಲ್ಲಿ ಏನು ಬೇಕಾದರೂ ಇರಬಹುದು. ಹಾಗಾಗಿ ‘ಈ ವಿಳಾಸಕ್ಕೆ ಹೋಗಿ ತಾ’ ಅನ್ನೋ ಚೀಟಿಯನ್ನ ಸರ್ವಿಸ್ ವರ್ಕರ್ ಒಪ್ಪಬಾರದು. ಮಾವನ ಎಕ್ಸ್‌ಟೆನ್ಶನ್‌ನಲ್ಲಿ ಶೀಟ್‌ನ ವಿಳಾಸ ಈಗ ಒಳಗಡೆಯೇ ಇದೆ. ಹೊರಗಿಂದ ಬರೋದು ಐಟಂ ನಂಬರ್ ಮಾತ್ರ, ಅದೂ ಅಂಕಿ ಹೌದೋ ಅಲ್ಲವೋ ನೋಡಿಯೇ ಮುಂದಿನ ಕೆಲಸ.