ಕುಸಿದ ಕಮಾನಿಗೆ ಇನ್ನೊಂದು ಪ್ಲೇಟು: ಇದು ದುರಸ್ತಿಯೋ, ಮೋಸವೋ?

ಕಳಂಬೋಲಿಯ ಉಕ್ಕಿನ ಪೇಟೆಯಲ್ಲಿ ಸಾಲಾಗಿ ನಿಂತ ಹಳೆಯ ಲಾರಿಗಳನ್ನು ಒಮ್ಮೆ ಹಿಂದಿನಿಂದ ನೋಡಿರಿ. ಸರಕು ಇಳಿಸಿದ ಮೇಲೂ ಹಿಂಭಾಗ ಮೇಲೇಳದೆ ಕುಳಿತೇ ಇರುವ ಗಾಡಿಗಳು ಕಣ್ಣಿಗೆ ಬೀಳುತ್ತವೆ. ಈ ರೋಗಕ್ಕೆ ಮಾಲೀಕರ ಬಾಯಲ್ಲಿ ಒಂದೇ ಮದ್ದು: "ಇನ್ನೊಂದು ಪ್ಲೇಟು ಹಾಕಿಬಿಡು!" ಇದು ದುರಸ್ತಿಯಲ್ಲ, ದುರಸ್ತಿಯ ಹೆಸರಿನಲ್ಲಿ ನಡೆಯುವ ಮೋಸವೆಂದು ನಾವು ಹೇಳುತ್ತೇವೆ. ಈ ಮೋಸಕ್ಕೆ ಬಲಿಯಾಗುವವರು ಮಾಲೀಕರಲ್ಲ, ಲಾರಿಯ ಮೇಲೂ ಕೆಳಗೂ ದುಡಿಯುವ ನಮ್ಮವರು.

ಕಮಾನು ತಾನಾಗಿಯೇ ಕುಸಿಯುವುದೆ? ಭಾರ ಬಿದ್ದಾಗ ಬಗ್ಗುವುದು, ಇಳಿದಾಗ ಮೊದಲಿನ ಬಾಗಿಗೆ ಮರಳುವುದು ಉಕ್ಕಿನ ಪ್ಲೇಟಿನ ಗುಣ. ವರ್ಷಗಳ ಓಡಾಟದಿಂದ ಅದು ದಣಿಯುವುದು ನಿಜ. ಆದರೆ ಆರ್.ಸಿ. ಪುಸ್ತಕದಲ್ಲಿ ಬರೆದ ತೂಕವನ್ನು ಮೀರಿ ಟ್ರಿಪ್ಪಿನ ಮೇಲೆ ಟ್ರಿಪ್ಪು ಹೇರುತ್ತ ಬಂದರೆ ಅದು ಬಹು ಬೇಗ ಸೋತು, ಬಗ್ಗಿದ್ದು ಬಗ್ಗಿದಂತೆಯೇ ಉಳಿದುಬಿಡುತ್ತದೆ. ಹಳೆಯ ಲಾರಿಯ ಕಮಾನು ಅದರ ಮಾಲೀಕನ ದುರಾಸೆಯ ಲೆಕ್ಕಪತ್ರವೆಂದರೆ ತಪ್ಪಲ್ಲ.

"ಪ್ಲೇಟು ಹಾಕಿದ ಮೇಲೆ ಗಾಡಿ ಎದ್ದು ನಿಂತಿತಲ್ಲ, ಇನ್ನೇನು ಬೇಕು?" ಎಂದು ಕೇಳುವವರಿದ್ದಾರೆ. ನಿಂತಿತು, ನಿಜ. ಆದರೆ ಕಮಾನಿಗೆ ಪ್ಲೇಟು ಸೇರಿಸಿದರೆ ಹೌಸಿಂಗಿನ ಬಲ ಹೆಚ್ಚಿತೆ? ಟಯರು ಗಟ್ಟಿಯಾಯಿತೆ? ಬ್ರೇಕು ಡ್ರಮ್ಮು ದೊಡ್ಡದಾಯಿತೆ? ಯಾವುದೂ ಇಲ್ಲ. ಹೆಚ್ಚಿದ್ದು ಹೇರುವ ಧೈರ್ಯ ಮಾತ್ರ. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕನ್ನು ಹೆಚ್ಚು ಕಡಿಮೆ ಮಾಡುವ ವಾಲ್ವು ಕೆಲವು ಗಾಡಿಗಳಲ್ಲಿದೆ. ಚಾಸಿಗೂ ಹೌಸಿಂಗಿಗೂ ನಡುವಿನ ಅಂತರವೇ ಅದಕ್ಕೆ ಅಳತೆ. ಗಡುಸಾದ ಕಮಾನು ಬಗ್ಗದಿದ್ದರೆ ಹೊರೆ ಕಡಿಮೆಯೆಂದೇ ಅದು ತಿಳಿಯುತ್ತದೆ, ಬ್ರೇಕನ್ನೂ ಕಡಿಮೆ ಕೊಡುತ್ತದೆ. ಹೇರಿದ್ದು ಹೆಚ್ಚು, ಸಿಕ್ಕುವ ಬ್ರೇಕು ಕಡಿಮೆ! ಅಂಥ ಲಾರಿಯನ್ನು ಖಂಬಾಟ್ಕಿ ಘಾಟಿನಲ್ಲಿ ಇಳಿಸಬೇಕಾದವನು ಗಲ್ಲೆಯ ಮೇಲೆ ಕುಳಿತ ಸಾಹುಕಾರನಲ್ಲ, ಹುಬ್ಬಳ್ಳಿಗೋ ಬೆಳಗಾವಿಗೋ ಸರಕು ಹೊತ್ತು ಹೊರಟ ನಮ್ಮ ಅಣ್ಣತಮ್ಮ.

ಇನ್ನು ಕೆಲವರದು ಇನ್ನೂ ಅಗ್ಗದ ಉಪಾಯ: ಹಳೆಯ ಪ್ಲೇಟನ್ನೇ ಬೆಂಕಿಯಲ್ಲಿ ಕಾಸಿ ಬಡಿದು ಬಾಗಿಸುವುದು. ಕೆಂಪಗೆ ಕಾಸಿದ ಉಕ್ಕಿಗೆ ಮತ್ತೆ ಸರಿಯಾದ ಹದ ಕೊಡದಿದ್ದರೆ ಅದರ ಸ್ಥಿತಿಸ್ಥಾಪಕ ಗುಣವೇ ಹೋಗುತ್ತದೆ. ಅಂಥ ಪ್ಲೇಟು ಬೇಗನೆ ಮತ್ತೆ ಕುಸಿಯುತ್ತದೆ, ಇಲ್ಲವೆ ನಡುದಾರಿಯಲ್ಲಿ ಕಟ್ಟಾಗುತ್ತದೆ.

ಹಾಗಾದರೆ ನಿಜವಾದ ದುರಸ್ತಿ ಯಾವುದು? ನಮ್ಮ ಹಿರಿಯ ಮಿಸ್ತ್ರಿಗಳಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಖಾಲಿ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಎರಡೂ ಪಕ್ಕದ ಎತ್ತರವನ್ನು ಅಳೆಯಬೇಕು. ಒಂದೇ ಪಕ್ಕ ಕುಸಿದಿದ್ದರೆ ಬಿರುಕು ಬಿಟ್ಟ ಪ್ಲೇಟು, ತುಂಡಾದ ಸೆಂಟರ್ ಬೋಲ್ಟು, ಸವೆದ ಶಾಕಲ್ ಬುಷ್ಷು ಇವನ್ನು ಹುಡುಕಬೇಕು. ಬದಲಿಸುವುದಾದರೆ ಎರಡೂ ಪಕ್ಕದ ಸೆಟ್ಟನ್ನು ಕಂಪನಿ ಹೇಳಿದ ಅಳತೆಯದನ್ನೇ ತಂದು ಒಟ್ಟಿಗೆ ಬದಲಿಸಬೇಕು. ಯೂ-ಬೋಲ್ಟು ಹೊಸದಿರಬೇಕು. ಗಾಡಿಯ ಭಾರ ಚಕ್ರದ ಮೇಲೆ ಇಳಿದ ಮೇಲೆಯೇ ಅದನ್ನು ಪೂರ್ತಿ ಬಿಗಿಯಬೇಕು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಇಷ್ಟಕ್ಕೆ ಖರ್ಚೂ ಉಂಟು, ಗಾಡಿ ನಿಲ್ಲಿಸುವ ಸಮಯವೂ ಬೇಕು. ಮಾಲೀಕರಿಗೆ ಇವೆರಡೂ ಬೇಡ.

ಅವಸರದ ಫಲವನ್ನು ಗ್ಯಾರೇಜಿನಲ್ಲಿ ಉಣ್ಣುವವನು ಮಿಸ್ತ್ರಿಯ ಕೈಕೆಳಗಿನ ಹುಡುಗ. ಚಾಸಿಗೆ ಸ್ಟ್ಯಾಂಡು ಕೊಡದೆ, ಮುಂದಿನ ಚಕ್ರಕ್ಕೆ ಕಟ್ಟೆ ಇಡದೆ, ಬರೀ ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ ಅವನನ್ನು ನುಗ್ಗಿಸುತ್ತಾರೆ. ಒತ್ತಿ ಕುಳಿತ ಪ್ಲೇಟುಗಳಿಗೆ ಕ್ಲಾಂಪು ಹಾಕದೆ ಸೆಂಟರ್ ಬೋಲ್ಟು ಬಿಚ್ಚಿದರೆ ಅವು ಸಿಡಿದು ಕೈಮುಖ ನೋಡದೆ ಬಡಿಯುತ್ತವೆ. ಹೆತ್ತವರು ಊರಿನಿಂದ ಮಗನನ್ನು ಕಳಿಸಿದ್ದು ಇದಕ್ಕಾಗಿಯೆ?

ಕಾನೂನು ಏನೆನ್ನುತ್ತದೆ? ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಂತೆ, ಮಿತಿ ಮೀರಿದ ಹೊರೆಗೆ ೨೦,೦೦೦ ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ ೨,೦೦೦ ರೂಪಾಯಿ. ಹೆಚ್ಚಿನ ಸರಕು ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ಚಾಲಕನು ಮಾಲೀಕನಲ್ಲದಿದ್ದರೆ, ತಪ್ಪು ಮಾಲೀಕನ ಅರಿವಿನಿಂದ ಅಥವಾ ಅವನ ಆಜ್ಞೆಯಿಂದಲೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದೆಂದು ಅದೇ ಕಾಯಿದೆಯ ೧೧೩ನೆಯ ಕಲಮು ಹೇಳುತ್ತದೆ. ಈ ಮಾತು ನಮ್ಮ ಎಷ್ಟು ಮಂದಿ ಚಾಲಕರಿಗೆ ಗೊತ್ತು? ದಂಡವನ್ನು ಪಗಾರದಲ್ಲಿ ಮುರಿದುಕೊಳ್ಳುವ ಮಾಲೀಕರು ಅದನ್ನು ಹೇಳಿಯಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಇನ್ನೆಷ್ಟು ದಿನ?

ಆದರೆ ಬಂಧುಗಳೇ, ಎಲ್ಲ ತಪ್ಪನ್ನೂ ಮಾಲೀಕರ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ನಾವೂ ಪ್ರಾಮಾಣಿಕರಲ್ಲ. ಹೆಚ್ಚು ಹೇರಿದ ಟ್ರಿಪ್ಪಿಗೆ ಸಿಕ್ಕುವ ಭಕ್ಷೀಸಿಗೆ ಕೈಯೊಡ್ಡುವವರು ನಮ್ಮಲ್ಲಿಲ್ಲವೆ? "ನಾನು ಹಾಕದಿದ್ದರೆ ಪಕ್ಕದ ಗ್ಯಾರೇಜಿನವನು ಹಾಕುತ್ತಾನೆ" ಎಂದು ಪ್ಲೇಟು ಬಿಗಿಯುವ ಮಿಸ್ತ್ರಿ ನಮ್ಮವನಲ್ಲವೆ? ಒಬ್ಬನು ಒಲ್ಲೆನೆಂದರೆ ಅವನ ಕೆಲಸ ಹೋದೀತು, ಹೌದು. ಎಲ್ಲರೂ ಒಲ್ಲೆವೆಂದರೆ ಮಾಲೀಕರು ಯಾರನ್ನು ಕರೆತಂದಾರು? ಸಂಘವೊಂದು ಬೇಕಾದದ್ದು ಇಂಥ ಕೆಲಸಕ್ಕೇ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕುಸಿದ ಕಮಾನಿನ ಲಾರಿಯನ್ನು ಒಲ್ಲೆನೆಂದ ಚಾಲಕನ ಒಂದು ದಿನದ ಪಗಾರವೂ ಕಡಿಯಕೂಡದು. ಹೊರೆಯ ದಂಡ ಮಾಲೀಕನ ಜೇಬಿನಿಂದಲೇ ಹೋಗಬೇಕು. ಸ್ಟ್ಯಾಂಡಿಲ್ಲದೆ ಯಾವ ಹುಡುಗನೂ ಗಾಡಿಯ ಕೆಳಗೆ ಹೋಗಕೂಡದು. ಗಾಡಿ ಹೊರಡುವ ಮುನ್ನ ಚಾಲಕರು ಕಮಾನನ್ನು ಬಗ್ಗಿ ನೋಡುವ ರೂಢಿ ಇಂದಿನಿಂದಲೇ ಮೊದಲಾಗಲಿ. ಕಂಡ ದೋಷವನ್ನು ಬಾಯಲ್ಲಿ ಹೇಳಿದರೆ ಸಾಲದು. ಕಾಗದದ ಮೇಲೆ ಬರೆದು, ತಾರೀಖು ಹಾಕಿ ಮಾಲೀಕರಿಗೆ ಕೊಟ್ಟು, ಒಂದು ಪ್ರತಿಯನ್ನು ಸಂಘದ ಕಚೇರಿಗೆ ತಂದುಕೊಡಿರಿ. ನಾಳೆ ಘಾಟಿನಲ್ಲಿ ಏನಾದರೂ ಆದರೆ ನಿಮ್ಮ ಪರವಾಗಿ ಮಾತನಾಡುವುದು ಆ ಕಾಗದವೇ.