ಸೊಂಟಕ್ಕೆ ಕಟ್ಟಿಕೊಂಡ ಭಯ

ಅಂಗಿಯ ಮರೆಯಲ್ಲಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಬಾರಿಗೆ ಬೀದಿಗಿಳಿಯುವವನು ತಾನು ಧೈರ್ಯವಂತನಾದೆನೆಂದು ಬಗೆಯುತ್ತಾನೆ. ಆದರೆ ಅವನ ಕೈ ಕ್ಷಣಕ್ಷಣಕ್ಕೂ ಸೊಂಟವನ್ನು ತಡವುತ್ತದೆ; ಎದುರು ಬಂದವರೆಲ್ಲರೂ ತನ್ನನ್ನೇ ದಿಟ್ಟಿಸುವಂತೆ ತೋರುತ್ತದೆ. ನಿನ್ನೆಯವರೆಗೆ ನೆರೆಯವನಾಗಿದ್ದವನು ಇಂದು ಹಗೆಯಂತೆ ಕಾಣುವುದು ಅಭಯದ ಲಕ್ಷಣವೇ?

ಅಮೆರಿಕದ ಕಾನೂನು ಈ ಹಾದಿಯನ್ನು ಸುಗಮಗೊಳಿಸಿದೆ. ಟೆಕ್ಸಾಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ, ಶಸ್ತ್ರ ಹೊಂದಲು ಕಾನೂನಿನ ಅಡ್ಡಿಯಿಲ್ಲದ, 21 ವರ್ಷ ತುಂಬಿದವರು ಪರವಾನಗಿಯೂ ಕಡ್ಡಾಯ ತರಬೇತಿಯೂ ಇಲ್ಲದೆ ಪಿಸ್ತೂಲು ಒಯ್ಯಬಹುದಾಗಿದೆ. ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ರದ್ದುಪಡಿಸಿತು.

ಸಜ್ಜನರ ಕೈಯ ಆಯುಧವು ದುರ್ಜನರನ್ನು ತಡೆಯುವುದೆಂಬುದು ಸಮರ್ಥಕರ ವಾದ. ಆದರೆ ಅದು ಸಜ್ಜನರ ಕೈಯಲ್ಲಿಯೇ ಉಳಿಯುವುದೆಂಬ ಭರವಸೆ ಎಲ್ಲಿದೆ? 2014ರ ಡಿಸೆಂಬರ್‌ನಲ್ಲಿ ಐಡಾಹೊ ರಾಜ್ಯದ ಅಂಗಡಿಯೊಂದರಲ್ಲಿ, ಪರವಾನಗಿ ಪಡೆದಿದ್ದ ತಾಯಿಯ ಕೈಚೀಲದ ಪಿಸ್ತೂಲು ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿತು. ಗುಂಡು ತಾಯಿಯನ್ನೇ ಕೊಂದಿತು. ಆ ತಾಯಿ ಕೆಟ್ಟವಳಲ್ಲ, ಆ ಕೂಸು ವೈರಿಯಲ್ಲ.

ಆತ್ಮರಕ್ಷಣೆಯ ಹಕ್ಕನ್ನು ಅಲ್ಲಗಳೆಯಬೇಕಾಗಿಲ್ಲ. ನಿಜವಾದ ಬೆದರಿಕೆಗೆ ಒಳಗಾದವರೂ ಇದ್ದಾರೆ. ಆದರೆ ಕಾನೂನು ಒಪ್ಪಿದ್ದೆಲ್ಲವನ್ನೂ ವಿವೇಕ ಒಪ್ಪುವುದಿಲ್ಲ. ಕಾನೂನು ಕಾರಣ ಕೇಳುವುದನ್ನು ಬಿಟ್ಟಲ್ಲಿ ಮನುಷ್ಯನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಎದುರಿಗಿರುವುದು ಅಪಾಯವೋ, ಬರಿಯ ಭಯವೋ? ಭಯವನ್ನು ಪಿಸ್ತೂಲು ಹೋಗಲಾಡಿಸದು. ಮನದೊಳಗಿದ್ದುದನ್ನು ಬೀದಿಗೆ ತರುವುದಷ್ಟೆ. ಅಂಥವನು ಅದನ್ನು ಮನೆಯಲ್ಲಿ ಬೀಗ ಹಾಕಿ ಇಟ್ಟು, ಬರಿಗೈಯಲ್ಲಿ ಹೊರಡುವುದೇ ಲೇಸು.